ಸ್ಥಾವರ ಸ್ಕಾಟರು, ಜಂಗಮ ಸ್ಕಾಟರು: ಒಂದು ಕುಲಶಾಸ್ತ್ರೀಯ ಮೀಮಾಂಸೆ

ಸ್ಕಾಟ್ ಎಂಬ ಮಾನವಕುಲದಲ್ಲಿ ಎರಡು ಪ್ರಭೇದಗಳಿವೆ ಎಂಬುದು ಪ್ರಸ್ತುತ ಪ್ರಬಂಧಕಾರನ ಪ್ರತಿಜ್ಞೆ. ಒಂದನೆಯವನು ಸ್ಥಾವರ ಸ್ಕಾಟ. ಬ್ರಿಟನ್ ದ್ವೀಪದ ಉತ್ತರಾರ್ಧದಲ್ಲಿ, ಮಳೆಯ ನಡುವೆ ವಾಸ; ಸಂಖ್ಯೆ ಸುಮಾರು 54 ಲಕ್ಷ. ಎರಡನೆಯವನು ಜಂಗಮ ಸ್ಕಾಟ. ಇವನ ಪೂರ್ವಜನೊಬ್ಬ ಎಂದೋ ಹಡಗು ಹತ್ತಿದ್ದರಿಂದ ಇವನು ಅಮೆರಿಕದಲ್ಲಿ ಹುಟ್ಟಿದ್ದಾನೆ. ಇಂಥವರು ಅಲ್ಲಿ ಲಕ್ಷಾಂತರ. ಸ್ಥಾವರ, ಜಂಗಮ ಎಂಬ ಹೆಸರುಗಳನ್ನು ಇಲ್ಲಿ ಕೇವಲ ಭೌಗೋಳಿಕ ಅರ್ಥದಲ್ಲಿ ಬಳಸಿದೆ. ನಡವಳಿಕೆಯನ್ನು ನೋಡಿದರೆ ಹೆಸರುಗಳನ್ನು ಅದಲುಬದಲು ಮಾಡಬೇಕಾಗುತ್ತದೆ. ಮನೆಯಲ್ಲೇ ಉಳಿದವನು ಕಾಲಕ್ಕೆ ತಕ್ಕಂತೆ ಬದಲಾಗಿದ್ದಾನೆ, ಊರು ಬಿಟ್ಟವನು 1746ರಿಂದ ಕದಲಿಲ್ಲ.

ಇಲ್ಲಿ ಪೂರ್ವಪಕ್ಷಿ ಕೇಳಬಹುದು: ರಕ್ತ ಒಂದೇ ಆಗಿರುವಾಗ ಭೇದ ಎಲ್ಲಿಂದ ಬಂತು? ಸಮಾಧಾನ ಸುಲಭ. ಎಂಟು ತಲೆಮಾರು ಹಿಂದಕ್ಕೆ ಹೋದರೆ ಯಾರಿಗಾದರೂ ಲೆಕ್ಕಕ್ಕೆ 256 ಪೂರ್ವಜರು ಸಿಗುತ್ತಾರೆ. ಅವರಲ್ಲಿ 255 ಮಂದಿ ಜರ್ಮನಿಯ ಬಡಗಿಗಳೋ ಇಂಗ್ಲೆಂಡಿನ ಕೂಲಿಗಳೋ ಆಗಿದ್ದರೂ ಉಳಿದ ಒಬ್ಬ ಮ್ಯಾಕ್‌ಡೊನಾಲ್ಡ್ ಇದ್ದರೆ ಸಾಕು, ಜಂಗಮತ್ವ ಸಿದ್ಧಿಸುತ್ತದೆ. ಉಳಿದ 255 ಮಂದಿ ತಕರಾರು ಮಾಡುವುದಿಲ್ಲ. ಸತ್ತವರ ದೊಡ್ಡ ಗುಣವೇ ಅದು.

ಇಬ್ಬರನ್ನೂ ಎದುರುಬದುರು ಕೂರಿಸಿದರೆ ಪ್ರತ್ಯಕ್ಷ ಪ್ರಮಾಣವೇ ದೊರೆಯುತ್ತದೆ. ಜಂಗಮ ಹೇಳುತ್ತಾನೆ: “ನಾನೂ ಸ್ಕಾಟಿಷ್!” ಸ್ಥಾವರ ಕೇಳುತ್ತಾನೆ: “ಹೌದಾ, ಯಾವೂರು?” ಜಂಗಮ: “ಒಹಾಯೊ.” ಅಲ್ಲಿಂದ ಮುಂದಕ್ಕೆ ಸ್ಥಾವರನು ತನ್ನ ಬಿಯರ್ ಲೋಟದ ತಳವನ್ನು ಅಧ್ಯಯನ ಮಾಡುತ್ತಾನೆ.

ವಸ್ತ್ರ ಪ್ರಕರಣ

ಜಂಗಮನ ಲಕ್ಷಣಗಳಲ್ಲಿ ಮೊದಲನೆಯದು ಕಿಲ್ಟ್. ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜ ಉಣ್ಣೆಬಟ್ಟೆ ಬೇಕು. ನಮ್ಮ ಮುತ್ತಜ್ಜಿಯರ ಹದಿನೆಂಟು ಮೊಳದ ಸೀರೆಗಿಂತ ಎರಡೇ ಮೊಳ ಕಡಿಮೆ. ಸ್ಥಾವರನು ಇದನ್ನು ತಮ್ಮನ ಮದುವೆಗೆ ಬಾಡಿಗೆಗೆ ತಂದು, ಸೋಮವಾರ ವಾಪಸು ಕೊಡುತ್ತಾನೆ. ಫುಟ್‌ಬಾಲ್ ಪಂದ್ಯಕ್ಕೂ ಉಡುವುದುಂಟು, ಆದರೆ ಆಗ ಮೇಲೆ ತಂಡದ ಅಂಗಿ, ಕಾಲಿಗೆ ಯಾವುದು ಸಿಕ್ಕಿತೋ ಅದು. ಜಂಗಮನಿಗೆ ಇದು ದೀಕ್ಷಾವಸ್ತ್ರ. ಉತ್ತರ ಕೆರೊಲೈನಾದ ಜುಲೈ ಬಿಸಿಲಿನಲ್ಲಿ, ಗ್ರ್ಯಾಂಡ್‌ಫಾದರ್ ಮೌಂಟನ್‌ನಲ್ಲಿ 1956ರಿಂದ ನಡೆಯುತ್ತಿರುವ ಹೈಲ್ಯಾಂಡ್ ಕ್ರೀಡಾಕೂಟದಲ್ಲಿ, ಅವನು ಎಂಟು ಗಜ ಉಣ್ಣೆಯನ್ನೂ ಅದರ ಮುಂದೆ ನೇತಾಡುವ ತುಪ್ಪಳದ ಚೀಲವನ್ನೂ ಹೊತ್ತು ಬೆವರುತ್ತಾನೆ. ಇದನ್ನು ತಪಸ್ಸೆನ್ನದೆ ಬೇರೆ ದಾರಿಯಿಲ್ಲ.

ಈ ವಸ್ತ್ರದ ಪ್ರಾಚೀನತೆಯ ವಿಚಾರಕ್ಕೆ ಬಂದರೆ ಶಾಸ್ತ್ರಕಾರನ ಕೈ ನಡುಗುತ್ತದೆ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯ ಹಳೆಯ ಹೈಲ್ಯಾಂಡರು ಮೈಗೆಲ್ಲ ಸುತ್ತಿಕೊಳ್ಳುತ್ತಿದ್ದುದು ಉದ್ದನೆಯ ಕಂಬಳಿಯಂಥ ಬಟ್ಟೆಯನ್ನು. ಅದನ್ನು ಸೊಂಟದಲ್ಲಿ ಕತ್ತರಿಸಿ ಇಂದಿನ ಗಿಡ್ಡ ಕಿಲ್ಟ್ ಮಾಡಿಸಿದವನು ಥಾಮಸ್ ರಾಲಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಯಜಮಾನ ಎಂದು 18ನೆಯ ಶತಮಾನದ ಪತ್ರವೊಂದು ಹೇಳುತ್ತದೆ. ಆತ ಲ್ಯಾಂಕಷೈರಿನವನು, ಅಂದರೆ ಇಂಗ್ಲೆಂಡಿನವನು. ಕೆಲವರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ.

ಮುಂದಿನ ಕಥೆಯಲ್ಲಿ ವಿವಾದವಿಲ್ಲ. ಕಲೋಡನ್ ಕದನದಲ್ಲಿ ಹೈಲ್ಯಾಂಡರ ಬಂಡಾಯವನ್ನು ಸದೆಬಡಿದ ನಂತರ 1746ರಲ್ಲಿ ಸರ್ಕಾರ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು. 1782ರಲ್ಲಿ ನಿಷೇಧ ತೆಗೆಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ನಗರವನ್ನೇ ನಾಟಕದ ರಂಗವಾಗಿಸಿ, ಗಣ್ಯರಿಗೆಲ್ಲ ಟಾರ್ಟನ್ ಎಂಬ ಚೌಕುಳಿ ಬಟ್ಟೆ ಉಡಿಸಿದ. ಆ ಗಣ್ಯರಲ್ಲಿ ಬಹುಪಾಲು ಬಯಲುಸೀಮೆಯವರು. ಅವರ ಅಜ್ಜಂದಿರು ಈ ಉಡುಪಿನವನನ್ನು ಕಂಡರೆ ಮೊದಲು ದನದ ಕೊಟ್ಟಿಗೆಯ ಬಾಗಿಲು ಹಾಕುತ್ತಿದ್ದರು. ಸ್ವತಃ ದೊರೆ ಸ್ಥೂಲಕಾಯದ ಮೇಲೆ ಕಿಲ್ಟ್ ಉಟ್ಟು, ಚಳಿಗೋ ನಾಚಿಕೆಗೋ ಕಾಲಿಗೆ ಮೈಬಣ್ಣದ ಬಿಗಿ ಷರಾಯಿ ಧರಿಸಿದ. ಸಾಲದ್ದಕ್ಕೆ, ತಾವು ರಾಜವಂಶದ ಕುಡಿಗಳೆಂದು ಹೇಳಿಕೊಂಡ ಸೋಬಿಯೆಸ್ಕಿ ಸ್ಟುವರ್ಟ್ ಸಹೋದರರು 1842ರಲ್ಲಿ, ಯಾವ ಕುಲಕ್ಕೆ ಯಾವ ಟಾರ್ಟನ್ ಎಂದು ಸಾರುವ ಭವ್ಯ ಗ್ರಂಥವೊಂದನ್ನು ಪ್ರಕಟಿಸಿದರು. ಆಧಾರವಾದ ಹಸ್ತಪ್ರತಿ ನಕಲಿ, ವಂಶ ಇನ್ನೂ ನಕಲಿ. ಬಟ್ಟೆ ಮಾತ್ರ ಅಸಲಿ ಬೆಲೆಗೆ ಮಾರಾಟವಾಯಿತು, ಈಗಲೂ ಆಗುತ್ತಿದೆ.

ಈಗ ಸ್ಕಾಟ್ಲೆಂಡ್ ಸರ್ಕಾರವೇ ಟಾರ್ಟನ್ ನೋಂದಣಿ ಇಲಾಖೆ ನಡೆಸುತ್ತದೆ. 2009ರಿಂದ ಶುಲ್ಕ ಕಟ್ಟಿ ಹೊಸ ವಿನ್ಯಾಸ ತಂದ ಯಾರಿಗೂ ಬಾಗಿಲು ತೆರೆದಿದೆ. ಜಂಗಮನಿಗೆ ತನ್ನ ಕುಲದ ಟಾರ್ಟನ್ ಇಲ್ಲವೆಂದಾದರೆ ತಾಯಿಯ ಕುಲ, ಜಿಲ್ಲೆ, ಕೊನೆಗೆ ಅಮೆರಿಕದ ತನ್ನ ರಾಜ್ಯದ ಟಾರ್ಟನ್, ಹೀಗೆ ಅನುಕ್ರಮವಾಗಿ ಪರಿಹಾರಗಳಿವೆ. ಬರಿಗೈಯಲ್ಲಿ ಹೋದವರಿಲ್ಲ.

ಆಹಾರ ಪ್ರಕರಣ

ಕುರಿಯ ಹೃದಯ, ಯಕೃತ್ತು, ಶ್ವಾಸಕೋಶ ಸೇರಿಸಿ ಬೇಯಿಸಿದ್ದು ಹ್ಯಾಗಿಸ್. ಪ್ರಾಣಿಗಳ ಶ್ವಾಸಕೋಶವನ್ನು ಆಹಾರವಾಗಿ ಮಾರುವುದನ್ನು ಅಮೆರಿಕ 1971ರಲ್ಲೇ ನಿಷೇಧಿಸಿದೆ. ಹೀಗಾಗಿ ಜಂಗಮನು ಜನವರಿ 25ರ ಕವಿ ಬರ್ನ್ಸ್ ಜಯಂತಿಯಂದು ಉಸಿರಿಲ್ಲದ ಹ್ಯಾಗಿಸ್ ಮುಂದೆ ನಿಂತು ಉಸಿರು ಬಿಗಿಹಿಡಿದು ಕಾವ್ಯ ಓದುತ್ತಾನೆ. ಸ್ಥಾವರನು ಅದೇ ವಾರ ಗ್ಲಾಸ್ಗೋದಲ್ಲಿ ಚಿಕನ್ ಟಿಕ್ಕಾ ಮಸಾಲ ತಿನ್ನುತ್ತ, ಇದನ್ನು ಕಂಡುಹಿಡಿದದ್ದು ನಮ್ಮೂರಲ್ಲೇ ಎಂದು ವಾದಿಸುತ್ತಾನೆ. ಪ್ರಕರಣ ಮುಗಿಯಿತು.

ಕರ್ಮ ಪ್ರಕರಣ

ಜಂಗಮರ ಚರ್ಚುಗಳಲ್ಲಿ ‘ಕರ್ಕಿಂಗ್ ಆಫ್ ದಿ ಟಾರ್ಟನ್’ ಎಂಬ ವಿಧಿ ಇದೆ. ಕುಲಕುಲದ ಬಟ್ಟೆಗಳನ್ನು ಧ್ವಜದಂತೆ ಹೊತ್ತು ತಂದು ಆಶೀರ್ವಾದ ಪಡೆಯುವುದು. ಇದರ ಸ್ಥಳಪುರಾಣ ಹೃದಯ ಕರಗಿಸುವಂಥದ್ದು: ನಿಷೇಧದ ಕಾಲದಲ್ಲಿ ಹೈಲ್ಯಾಂಡರು ಟಾರ್ಟನ್ ತುಂಡನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಪ್ರಾರ್ಥನೆಗೆ ಬರುತ್ತಿದ್ದರಂತೆ, ಪಾದ್ರಿ ಗುಟ್ಟಾಗಿ ಹರಸುತ್ತಿದ್ದನಂತೆ. ವಿಧಿ ಹುಟ್ಟಿದ್ದು ಮಾತ್ರ 1940ರ ದಶಕದ ವಾಷಿಂಗ್ಟನ್‌ನಲ್ಲಿ, ಪೀಟರ್ ಮಾರ್ಷಲ್ ಎಂಬ ಪಾದ್ರಿಯ ಕೈಯಲ್ಲಿ. ಆತ ಸ್ಕಾಟ್ಲೆಂಡಿನ ಕೋಟ್‌ಬ್ರಿಜ್‌ನಲ್ಲಿ ಹುಟ್ಟಿದವನು ಎಂಬುದನ್ನು ಗಮನಿಸಬೇಕು. ಜಂಗಮರಿಗೆ ಏನು ಬೇಕೆಂದು ಸ್ಥಾವರ ಮೂಲದವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಏಪ್ರಿಲ್ 6ರ ಟಾರ್ಟನ್ ದಿನವೂ ಇಂಥದ್ದೇ. 1320ರ ಅದೇ ದಿನಾಂಕದಂದು ಸ್ಕಾಟ್ ಶ್ರೀಮಂತರು ತಮ್ಮ ನಾಡಿನ ಸ್ವಾತಂತ್ರ್ಯ ಸಾರುತ್ತ ಪೋಪ್‌ಗೆ ಲ್ಯಾಟಿನ್‌ನಲ್ಲಿ ಬರೆದ ಆರ್ಬ್ರೋತ್ ಘೋಷಣೆಯ ನೆನಪಿಗೆ ಅಮೆರಿಕದ ಸೆನೆಟ್ 1998ರಲ್ಲಿ ಈ ದಿನವನ್ನು ಗೊತ್ತು ಮಾಡಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅದೇ ಮಾದರಿ ಎಂದೂ ನಿರ್ಣಯದಲ್ಲಿ ಬರೆಯಿತು. ಇತಿಹಾಸಕಾರರು ಆಧಾರ ಹುಡುಕಿ ಸುಸ್ತಾಗಿದ್ದಾರೆ. ಆದರೆ ಸೆನೆಟ್ ಮತ ಹಾಕಿ ಅಂಗೀಕರಿಸಿದ ಇತಿಹಾಸಕ್ಕೆ ಆಧಾರ ಕೇಳುವುದು ಸೌಜನ್ಯವಲ್ಲ.

ಕುಲ ಪ್ರಕರಣ

ಇದು ಈ ಶಾಸ್ತ್ರದ ಗರ್ಭಗುಡಿ. ಜಂಗಮನಿಗೆ ಕುಲದ ಮುಖ್ಯಸ್ಥನೆಂದರೆ ಅಪಾರ ಗೌರವ. ಆತ ಕ್ರೀಡಾಕೂಟಕ್ಕೆ ಅತಿಥಿಯಾಗಿ ಬಂದರೆ ಸಾಲುನಿಂತು ಕೈಕುಲುಕುತ್ತಾರೆ, ಕೆಲವರಿಗೆ ಕಣ್ಣೀರೂ ಬರುತ್ತದೆ. ಇವರ ಪೂರ್ವಜರಲ್ಲಿ ಎಷ್ಟೋ ಮಂದಿಯನ್ನು ಊರು ಬಿಡಿಸಿದವರು ಇದೇ ಮುಖ್ಯಸ್ಥರ ಮುತ್ತಾತಂದಿರು. ಒಕ್ಕಲಿಗಿಂತ ಕುರಿ ಲಾಭದಾಯಕ ಎಂಬ ಅರ್ಥಶಾಸ್ತ್ರ ಹೊಳೆದ ಮೇಲೆ ಅವರು ಕಣಿವೆಗಳನ್ನೇ ಖಾಲಿ ಮಾಡಿಸಿದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳ ಸೂರಿಗೆ ಬೆಂಕಿ ಬಿದ್ದಾಗ ಆ ನೆಲದ ಒಡತಿ ಸದರ್ಲೆಂಡಿನ ಕೌಂಟೆಸ್. ಕುಲದ ಯಜಮಾನಿಯೂ ಆಕೆಯೇ. ಒಕ್ಕಲೆಬ್ಬಿಸಿದವರ ಮೊಮ್ಮಕ್ಕಳಿಗೆ ಒಕ್ಕಲೆದ್ದವರ ಮೊಮ್ಮಕ್ಕಳು ಟಿಕೆಟ್ ಕೊಂಡು ನಮಸ್ಕಾರ ಮಾಡುವುದು ಬೇರಾವ ಶಾಸ್ತ್ರದಲ್ಲೂ ಕಾಣದ ಕ್ಷಮಾಗುಣ. ಕುರಿಗಳಿಗೆ ಇದುವರೆಗೆ ಯಾರೂ ಸನ್ಮಾನ ಮಾಡಿಲ್ಲ ಎಂಬುದಷ್ಟೇ ಕೊರತೆ.

ಉತ್ತರ ಕೆರೊಲೈನಾದ ಉದಾಹರಣೆ ಇನ್ನೂ ರುಚಿಕರ. 1746ರಲ್ಲಿ ಕಲೋಡನ್ ಕದನ ಸೋತು ಪರಾರಿಯಾದ ಬಂಡಾಯಗಾರ ರಾಜಕುಮಾರ ಚಾರ್ಲ್ಸ್‌ಗೆ ದಾಸಿಯ ವೇಷ ಹಾಕಿಸಿ ಪಾರು ಮಾಡಿದ ಫ್ಲೋರಾ ಮ್ಯಾಕ್‌ಡೊನಾಲ್ಡ್ 1774ರಲ್ಲಿ ಅಲ್ಲಿಗೇ ವಲಸೆ ಬಂದಳು. ಅಮೆರಿಕದ ಕ್ರಾಂತಿ ಶುರುವಾದಾಗ ಅಲ್ಲಿನ ಹೈಲ್ಯಾಂಡರಲ್ಲಿ ಹೆಚ್ಚಿನವರು ಯಾರ ಪರ ನಿಂತರು? ತಮ್ಮನ್ನು ಸದೆಬಡಿದ ಅದೇ ರಾಜವಂಶದ ಪರ! 1776ರ ಫೆಬ್ರವರಿಯಲ್ಲಿ ಮೂರ್ಸ್ ಕ್ರೀಕ್ ಸೇತುವೆಯ ಬಳಿ ಕತ್ತಿ ಹಿರಿದು ನುಗ್ಗಿ ಸೋತರು. ಫ್ಲೋರಾ ಸ್ಕಾಟ್ಲೆಂಡಿಗೆ ಮರಳಿದಳು. ಇಂದು ಅದೇ ರಾಜ್ಯದ ಕ್ರೀಡಾಕೂಟದಲ್ಲಿ ಪಂಜು ಹಿಡಿದು ಕುಲಗಳ ಹೆಸರು ಕೂಗುವಾಗ, ಸ್ಕಾಟರೆಂದರೆ ಹುಟ್ಟಾ ಸ್ವಾತಂತ್ರ್ಯಪ್ರೇಮಿಗಳು ಎಂಬ ಭಾವ ತುಂಬಿರುತ್ತದೆ. ಅದಕ್ಕೆ 1995ರ ‘ಬ್ರೇವ್‌ಹಾರ್ಟ್’ ಚಿತ್ರವೇ ಶಬ್ದಪ್ರಮಾಣ. ಹದಿಮೂರನೆಯ ಶತಮಾನದ ಸ್ಕಾಟ್ ಸ್ವಾತಂತ್ರ್ಯವೀರ ವ್ಯಾಲೇಸ್‌ಗೆ ಕಿಲ್ಟ್ ಉಡಿಸಿದ, ಸ್ಟರ್ಲಿಂಗ್ ಸೇತುವೆಯ ಕದನವನ್ನು ಸೇತುವೆಯೇ ಇಲ್ಲದೆ ತೋರಿಸಿದ ಚಿತ್ರ ಅದು. ಸ್ಟರ್ಲಿಂಗ್‌ನ ವ್ಯಾಲೇಸ್ ಸ್ಮಾರಕದ ಬುಡದಲ್ಲಿ ಆ ಚಿತ್ರದ ನಾಯಕನಟ ಮೆಲ್ ಗಿಬ್ಸನ್‌ನ ಮುಖವಿದ್ದ ವ್ಯಾಲೇಸ್ ಪ್ರತಿಮೆಯೊಂದನ್ನು ನಿಲ್ಲಿಸಿದ್ದರು. ಸ್ಥಾವರರು ಅದನ್ನು ಜಜ್ಜತೊಡಗಿದ್ದರಿಂದ ಸುತ್ತ ಪಂಜರ ಕಟ್ಟಬೇಕಾಯಿತು. ಸ್ವಾತಂತ್ರ್ಯವೀರನನ್ನು ಅವನದೇ ಜನರಿಂದ ಕಾಪಾಡಲು ಬೋನಿಗೆ ಹಾಕಿದ್ದು ಇತಿಹಾಸದಲ್ಲಿ ಬಹುಶಃ ಅಲ್ಲೊಂದೇ ಕಡೆ.

ಸಿದ್ಧಾಂತ

ಉಭಯರ ನಡುವಿನ ಭೇದದ ಬೇರು ಬಟ್ಟೆಯಲ್ಲಿಲ್ಲ, ಅಪ್ಪನಲ್ಲಿದೆ. ಜಂಗಮನಿಗೆ ಪೂರ್ವಜನೆಂದರೆ ಏಣಿ. ಮುತ್ತಾತನ ಮುತ್ತಾತ ಯಾರೆಂದು ಪತ್ತೆಯಾದಷ್ಟೂ ಇವನು ಮೇಲಕ್ಕೇರುತ್ತಾನೆ. ಸ್ಥಾವರನ ನಾಡಿನಲ್ಲಿ ಅದು ತಿರುಗುಮುರುಗು. ಅಲ್ಲಿ ಯಾರಾದರೂ ಮಂತ್ರಿಯಾದರೆ, ಪುಸ್ತಕ ಬರೆದರೆ, ಟಿವಿಯಲ್ಲಿ ಕಾಣಿಸಿಕೊಂಡರೆ, ಪಬ್ಬಿನ ಮೂಲೆಯಿಂದ ಒಂದೇ ಮಾತು ಕೇಳಿಬರುತ್ತದೆ: “ಅವನಾ? ಅವರಪ್ಪನ್ನ ಬಲ್ಲೆ ನಾನು.” ಅಲ್ಲಿಗೆ ಆ ಮನುಷ್ಯ ಮುಗಿದ. ಒಬ್ಬನನ್ನು ಎತ್ತರಿಸುವ ಅದೇ ವಂಶವೃಕ್ಷ ಇನ್ನೊಬ್ಬನ ತಲೆಯ ಮೇಲೆ ಬೀಳುತ್ತದೆ.

ಪ್ರತಿಪಕ್ಷದವರು ಇಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಮುಂದಿಡಬಹುದು. ಅವರ ತಾಯಿ ಲೂಯಿಸ್ ದ್ವೀಪದ ಟಾಂಗ್ ಹಳ್ಳಿಯಲ್ಲಿ ಗೇಲಿಕ್ ಮಾತಾಡಿಕೊಂಡು ಬೆಳೆದವರು. ಎಂಟು ತಲೆಮಾರು ಬೇಡ, ಒಂದೇ ಸಾಕು. ರಕ್ತಪ್ರಮಾಣದಿಂದ ಇವರು ಜಂಗಮೋತ್ತಮರು. ಈ ಪ್ರಶ್ನೆ ಎತ್ತಿದಾಗ ಬಹಳಷ್ಟು ಸ್ಥಾವರರು ರಕ್ತಕ್ಕೂ ಸಂಸ್ಕೃತಿಗೂ ಸಂಬಂಧವೇ ಇಲ್ಲವೆಂಬ ಅತ್ಯಂತ ಪ್ರಗತಿಪರ ನಿಲುವನ್ನು ಅಲ್ಲೇ ತಳೆಯುತ್ತಾರೆ.

ಸಿದ್ಧಾಂತದ ಸಮರ್ಥನೆಗೆ ನಮ್ಮ ಶ್ರೀರಂಗಪಟ್ಟಣದಿಂದಲೇ ಒಂದು ಪ್ರಮಾಣವಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಡೇವಿಡ್ ಬೇರ್ಡ್ ಎಂಬ ಸ್ಕಾಟ್ ಅಧಿಕಾರಿಯನ್ನು 1784ರವರೆಗೆ ಅಲ್ಲಿ ಬಂಧನದಲ್ಲಿಟ್ಟಿದ್ದರು. 1799ರಲ್ಲಿ ಟಿಪ್ಪುವಿನ ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕ ಇವನೇ. ಅವನು ಸೆರೆಯಲ್ಲಿದ್ದಾಗ, ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿಗೆ ತಲುಪಿತು. ಆಕೆ ಅಳಲಿಲ್ಲವಂತೆ, ನಮ್ಮ ಡೇವಿಯ ಜೊತೆ ಕಟ್ಟಿಹಾಕಿಸಿಕೊಂಡವನ ಗತಿ ನೆನೆದರೆ ಅಯ್ಯೋ ಪಾಪ ಎನಿಸುತ್ತದೆ ಎಂದಳಂತೆ.

ಅಪ್ಪಟ ಸ್ಥಾವರ ವಾಕ್ಯ. ಇದೇ ತಾಯಿ ಜಂಗಮಳಾಗಿದ್ದರೆ ಅಷ್ಟು ಹೊತ್ತಿಗೆ ಡೇವಿಡ್ ಬೇರ್ಡ್ ವಂಶಸ್ಥರ ಸಂಘ ನೋಂದಣಿಯಾಗಿ, ಕಬ್ಬಿಣದ ಬೂದು ಮತ್ತು ಕಾವೇರಿಯ ನೀಲಿ ಬೆರೆತ ಸೆರೆಮನೆ ಟಾರ್ಟನ್‌ಗೆ ಅರ್ಜಿ ಹೋಗಿ, ನ್ಯೂಯಾರ್ಕಿನ ಟಾರ್ಟನ್ ಮೆರವಣಿಗೆಯಲ್ಲಿ ಇಬ್ಬಿಬ್ಬರನ್ನು ಪ್ಲಾಸ್ಟಿಕ್ ಸರಪಳಿಯಿಂದ ಕಟ್ಟಿ ನಡೆಸಿರುತ್ತಿದ್ದರು. ಜೊತೆಗೆ ಕಟ್ಟಿಸಿಕೊಳ್ಳಲು ಸದಸ್ಯತ್ವ ಶುಲ್ಕ ಪ್ರತ್ಯೇಕ.