ಹಲ್ಲು ಎಣಿಸದೆ ಕೊಂಡ ಶಾಲೆ: ಖಿಲಾರಿ ಎತ್ತಿನೊಡನೆ ಒಂದು ಸಂದರ್ಶನ

ಸರಕಾರಿ ಪ್ರೌಢಶಾಲೆಯ, ಅಂದರೆ ಎಂಟರಿಂದ ಹತ್ತನೆಯ ತರಗತಿಯವರೆಗೆ ಕಲಿಸುವ ಶಾಲೆಯ, ಗುಣಮಟ್ಟವನ್ನು ಅಳೆಯುವ ಸಾಧನಗಳಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಪ್ರತಿ ಶಾಲೆಗೂ ಯುಡೈಸ್ ಎಂಬ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ ಕೊಟ್ಟ 11 ಅಂಕೆಗಳ ಸಂಕೇತಸಂಖ್ಯೆಯಿದ್ದು, ಅದರಡಿಯಲ್ಲಿ ಕೊಠಡಿ, ಶೌಚಾಲಯ, ನಲ್ಲಿ, ಕಂಪ್ಯೂಟರುಗಳೆಲ್ಲ ವರ್ಷವರ್ಷವೂ ಎಣಿಕೆಗೆ ಸಿಗುತ್ತವೆ. 2015ರಲ್ಲಿ ಆರಂಭವಾದ ‘ಶಾಲಾ ಸಿದ್ಧಿ’ ಎಂಬ ಯೋಜನೆ ಏಳು ಕ್ಷೇತ್ರಗಳ 46 ಮಾನದಂಡಗಳನ್ನು ಮುಂದಿಡುತ್ತದೆ. ಇವುಗಳ ಮೇಲೆ ಜಿಲ್ಲೆಗಳನ್ನು 600 ಅಂಕಗಳಿಗೂ ರಾಜ್ಯಗಳನ್ನು 1000 ಅಂಕಗಳಿಗೂ ತೂಗುವ ಸಾಧನಾ ಶ್ರೇಣೀಕರಣ ಸೂಚ್ಯಂಕ ಬೇರೆ ಇದೆ. ಇಷ್ಟಾದರೂ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಚಹಾದಂಗಡಿಯಲ್ಲಿ ಯಾರಾದರೂ ‘ಆ ಸಾಲಿ ಹೆಂಗೈತಿ’ ಎಂದು ವಿಚಾರಿಸಿದರೆ ದೊರೆಯುವ ಉತ್ತರ ಒಂದೇ ಒಂದು ಸಂಖ್ಯೆ, ಹಿಂದಿನ ಎಸ್ಸೆಸ್ಸೆಲ್ಸಿಯಲ್ಲಿ ಆ ಶಾಲೆಯ ಶೇಕಡಾವಾರು ಫಲಿತಾಂಶ.

ಈ ಸಂಖ್ಯೆಯ ನೆಚ್ಚಿಕೆಯನ್ನು ಪರೀಕ್ಷಿಸಲು ಶಿಕ್ಷಣತಜ್ಞರ ಬಳಿಗೆ ಹೋಗುವುದು ವಾಡಿಕೆ. ಆದರೆ ತಜ್ಞರು ಅಳೆಯುವವರೇ ಹೊರತು ಅಳತೆಗೆ ಒಳಗಾದವರಲ್ಲವಾದ್ದರಿಂದ, ಹುಟ್ಟಿದಂದಿನಿಂದಲೂ ಅಳತೆಗೆ ಒಳಗಾಗುತ್ತಲೇ ಬಂದ ಜೀವವೊಂದನ್ನು ಈ ಸಂದರ್ಶನಕ್ಕೆ ಆರಿಸಲಾಯಿತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಅಂಗವಾಗಿ ತೊರವಿಯ ಬಯಲಿನಲ್ಲಿ ಸೇರುವ ದನದ ಪೇಟೆಗೆ ಟಿಕೋಟಾ ಕಡೆಯಿಂದ ಮಾರಾಟಕ್ಕೆ ಬಂದಿದ್ದ ಖಿಲಾರಿ ಎತ್ತು ಅದು. ಖಿಲಾರಿ ಎಂದರೆ ವಿಜಯಪುರ, ಬೆಳಗಾವಿ ಮತ್ತು ಗಡಿಯಾಚೆಯ ಸೊಲ್ಲಾಪುರ, ಸಾಂಗಲಿ, ಸಾತಾರಾ ಸೀಮೆಗಳ ತಳಿ; ಹಾಲಿಗಾಗಿ ಅಲ್ಲ, ಎಳೆತಕ್ಕೂ ಓಟಕ್ಕೂ ಹೆಸರಾದದ್ದು. ಸಂದರ್ಶನದುದ್ದಕ್ಕೂ ಎತ್ತು ತನ್ನನ್ನು ಕುರಿತು ‘ಈ ಜೋಡಿಯ ಎಡಗಡೆಯದು’ ಎಂದೇ ಹೇಳಿಕೊಂಡಿತು. ತನ್ನ ಬಗ್ಗೆ ಮಾತಾಡುವ ಅಧಿಕಾರ ಯಾವಾಗಲೂ ದಲ್ಲಾಳಿಗೇ ಸೇರಿದ್ದರಿಂದ ಉತ್ತಮ ಪುರುಷ ಸರ್ವನಾಮದ ರೂಢಿ ತಪ್ಪಿದೆ ಎಂಬುದು ಅದು ಕೊಟ್ಟ ಕಾರಣ. ಸರಕಾರಿ ಶಾಲೆಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲವೆಂದು ಅದು ಸೇರಿಸಿತು.

ಪ್ರಶ್ನೆ: ಎತ್ತಿನ ಗುಣಮಟ್ಟವನ್ನು ಪೇಟೆಯಲ್ಲಿ ನಿರ್ಧರಿಸುವ ವಿಧಾನ ಯಾವುದು?

ಉತ್ತರ: ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ದನಗಳಿಗೆ ಮುಂಭಾಗದ ಕೆಳದವಡೆಯಲ್ಲಿ ಮಾತ್ರ ಎಂಟು ಬಾಚಿಹಲ್ಲುಗಳಿರುತ್ತವೆ. ಹಾಲುಹಲ್ಲು ಬಿದ್ದು ಜೋಡಿಜೋಡಿಯಾಗಿ ಹೊಸ ಹಲ್ಲು ಮೂಡುವುದರಿಂದ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಯಸ್ಸನ್ನು ಲೆಕ್ಕಹಾಕಿ, ಎಂಟೂ ಬಂದಾಗ ‘ಬಾಯಿಗೂಡಿತು’ ಎನ್ನುತ್ತಾರೆ. ಆಮೇಲೆ ಗೊರಸು ಎತ್ತಿ ನೋಡಿ, ಹೆಗಲಿನ ಮೇಲೆ ನೊಗದ ಗಾಯವಿದೆಯೇ ಎಂದು ಕೈಯಾಡಿಸಿ, ನಾಲ್ಕು ಹೆಜ್ಜೆ ನಡೆಸಿ, ಬಂಡಿಗೆ ಹೂಡಿ, ಎಡಕ್ಕೆ ರೂಢಿಯೋ ಬಲಕ್ಕೆ ರೂಢಿಯೋ ಎಂದು ಕೇಳಿ, ಯಾವ ಊರ ನೀರು ಕುಡಿದದ್ದು, ಹೋದ ಬರದಲ್ಲಿ ಏನು ತಿಂದದ್ದು ಎಂದು ವಿಚಾರಿಸಿದ ಮೇಲೆಯೇ ಟವೆಲ್ಲಿನಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಹಂತ ಬರುತ್ತದೆ. ಅರ್ಧ ದಿನ ಹೋಗುತ್ತದೆ. ಸುಳಿಯನ್ನೂ ನೋಡುತ್ತಾರೆ, ಅಂದರೆ ಮೈಮೇಲಿನ ಕೂದಲು ತಿರುಗಿದ ಗುರುತು ಎಲ್ಲಿದೆ ಎಂದು. ಅದಕ್ಕೂ ಎಳೆಯುವ ಶಕ್ತಿಗೂ ಯಾವ ಸಂಬಂಧವೂ ಇಲ್ಲ, ಆದರೂ ದರ ಮಾತ್ರ ಅದರಿಂದ ಏರಿಳಿಯುತ್ತದೆ. ಶಾಲೆಗಳಲ್ಲಿ ಟೈ, ಬೆಲ್ಟು ಮತ್ತು ಗೇಟಿನ ಮೇಲಿನ ಇಂಗ್ಲಿಷ್ ಹೆಸರು ಇದೇ ಸುಳಿಯ ಕೆಲಸ ಮಾಡುತ್ತವೆ ಎಂದು ಎತ್ತು ಕೇಳಿಬಲ್ಲದು.

ಪ್ರಶ್ನೆ: ಶೇಕಡಾವಾರು ಫಲಿತಾಂಶವೂ ಶಾಲೆಯ ಹಲ್ಲಿನಂತೆ ನಂಬತಕ್ಕದ್ದಲ್ಲವೇ?

ಉತ್ತರ: ಹಲ್ಲು ಒಳಗಿನಿಂದ ಹುಟ್ಟುತ್ತದೆ, ಶೇಕಡಾ ಹೊರಗಿನಿಂದ ಹಚ್ಚಿದ್ದೂ ಆಗಬಹುದು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625 ಆಗಿದ್ದು, ಪೂರ್ತಿ 625 ಪಡೆದವನೂ ಪ್ರತಿ ವಿಷಯದಲ್ಲಿ ಕನಿಷ್ಠ ಗೆರೆಯನ್ನು ಮುಟ್ಟಿ ದಾಟಿದವನೂ ಈ ಲೆಕ್ಕದಲ್ಲಿ ಸಮವಾಗಿ ಒಬ್ಬೊಬ್ಬರೇ. ತಾಂಡಾದ ಬದಿಯ ಶಾಲೆಯೊಂದರಲ್ಲಿ 12 ಮಕ್ಕಳು ಪರೀಕ್ಷೆಗೆ ಕುಳಿತರೆ ಒಂದು ಮಗುವಿಗೆ ಜ್ವರ ಬಂದರೂ ಶಾಲೆಯ ಗುಣಮಟ್ಟ ಶೇ. 8.33ರಷ್ಟು ಕುಸಿಯುತ್ತದೆ, ನಗರದ 120 ಮಕ್ಕಳ ಶಾಲೆಯಲ್ಲಿ ಅದೇ ಜ್ವರದ ಬೆಲೆ ಶೇ. 0.83. ಇನ್ನೊಂದು ಲೆಕ್ಕವನ್ನು ಎತ್ತು ಬಾಲದಿಂದ ಮಣ್ಣಿನಲ್ಲಿ ಬರೆದು ತೋರಿಸಿತು. ಉದಾಹರಣೆಗೆ ಎಂಟನೆಯ ತರಗತಿಯ ಹಾಜರಿಯಲ್ಲಿ 60 ಹೆಸರುಗಳಿದ್ದು, ಎರಡು ವರ್ಷಗಳಲ್ಲಿ 19 ಮಕ್ಕಳು ಉದುರಿ, ಉಳಿದ 41 ಮಂದಿಯಲ್ಲಿ 40 ಮಂದಿ ಪಾಸಾದರೆ ಮುಖ್ಯೋಪಾಧ್ಯಾಯರ ಕೊಠಡಿಯ ಫಲಕದ ಮೇಲೆ ಶೇ. 97.56 ಎಂದು ಬಣ್ಣದಲ್ಲಿ ಬರೆಯಲಾಗುತ್ತದೆ. ಬಂದ 60ಕ್ಕೆ ಹೋಲಿಸಿದರೆ ಅದು ಶೇ. 66.67. ಉದುರಿದ 19 ಮಕ್ಕಳಿಂದ ಶಾಲೆಯ ಗುಣಮಟ್ಟ ಹೆಚ್ಚಿತೆಂಬ ಈ ತರ್ಕವನ್ನು ದನದ ಪೇಟೆಯಲ್ಲಿ ಯಾವ ದಲ್ಲಾಳಿಯೂ ಇದುವರೆಗೆ ಪ್ರಯೋಗಿಸಿಲ್ಲ.

ಪ್ರಶ್ನೆ: ಹಾಗಾದರೆ ಪೇಟೆಯಲ್ಲಿ ಮೋಸವೇ ಇಲ್ಲವೆಂದು ಅರ್ಥವೇ?

ಉತ್ತರ: ಸಾಕಷ್ಟಿದೆ. ಹಿಂದಿನ ರಾತ್ರಿ ಉಪ್ಪು ತಿನ್ನಿಸಿ ಬೆಳಿಗ್ಗೆ ನೀರು ಕುಡಿಸಿದರೆ ಬಡಕಲು ಎತ್ತೂ ಮೈ ತುಂಬಿದಂತೆ ಕಾಣುತ್ತದೆ. ಕೋಡು ಹೆರೆದು ಬಣ್ಣ ಬಳಿದರೆ ಬುಡದಲ್ಲಿನ ವಯಸ್ಸಿನ ಗೆರೆಗಳು ಮಾಯವಾಗುತ್ತವೆ. ಶಾಲೆಯಲ್ಲಿ ಉಪ್ಪುನೀರಿನ ಸ್ಥಾನ ‘ಪಾಸಿಂಗ್ ಪ್ಯಾಕೇಜ್’ನದು. ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು, ಅಂದರೆ ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಹಂಚಿಕೆಯನ್ನು, ಮುಂದಿಟ್ಟುಕೊಂಡು ಖಚಿತವಾಗಿ ಬರುವ ನಕಾಶೆ, ಪ್ರಮೇಯ, ಪತ್ರಲೇಖನಗಳನ್ನಷ್ಟೇ ಆಯ್ದು, ಹಿಂದುಳಿದ ಮಗುವಿಗೆ ಬಾಯಿಪಾಠ ಮಾಡಿಸುವ ಪುಸ್ತಿಕೆ ಅದು. ಎತ್ತು ಇದನ್ನು ಪೂರ್ತಿ ಖಂಡಿಸಲಿಲ್ಲ. ಮುಳುಗುತ್ತಿರುವ ಮಗುವನ್ನು ದಡಕ್ಕೆ ಎಳೆಯುವ ಮಾಸ್ತರರ ಸಂಕಟ ನಿಜವಾದದ್ದೆಂದೂ, ಆದರೆ ದಡಕ್ಕೆ ಬಂದ ಮಗುವಿಗೆ ಈಜು ಬರುತ್ತದೆಂದು ಪ್ರಮಾಣಪತ್ರ ಕೊಡುವುದು ಬೇರೆ ಮಾತೆಂದೂ ಹೇಳಿತು. ಒಂಬತ್ತರಲ್ಲಿಯೇ ಮಗುವನ್ನು ತಡೆಹಿಡಿಯುವುದು, ವರ್ಗಾವಣೆ ಪತ್ರ ಕೈಗಿಟ್ಟು ಬೇರೆ ಶಾಲೆಗೆ ದಾಟಿಸುವುದು, ಶಾಲೆಯ ಹೆಸರಿಗೆ ಅಂಟದಂತೆ ಖಾಸಗಿ ಅಭ್ಯರ್ಥಿಯಾಗಿ ಕೂರಿಸುವುದು, ಇವು ಕೋಡು ಹೆರೆಯುವ ಜಾತಿಯವು. 1970ರ ದಶಕದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ವಿದ್ವಾಂಸರು, ಯಾವ ಸಂಖ್ಯೆಯ ಮೇಲೆ ನಿರ್ಧಾರಗಳು ನಿಲ್ಲುತ್ತವೆಯೋ ಆ ಸಂಖ್ಯೆಯೇ ಕೆಡುತ್ತದೆಂದೂ, ಅದು ಅಳೆಯಹೊರಟ ಕೆಲಸವನ್ನೂ ಕೆಡಿಸುತ್ತದೆಂದೂ ನಿರೂಪಿಸಿದ್ದನ್ನು ತಿಳಿಸಿದಾಗ, ಅವರ ಊರಿನಲ್ಲಿಯೂ ದನದ ಪೇಟೆ ಇದ್ದಿರಬೇಕೆಂದು ಎತ್ತು ಊಹಿಸಿತು.

ಪ್ರಶ್ನೆ: ಬಣ್ಣ ತೊಳೆದು ನೋಡಿದ ಉದಾಹರಣೆ ಏನಾದರೂ ಇದೆಯೇ?

ಉತ್ತರ: 2024ರದು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ಅದರ ನೇರ ದೃಶ್ಯವನ್ನು ಕಚೇರಿಯಲ್ಲಿ ಕುಳಿತು ನೋಡುವ ವೆಬ್‌ಕಾಸ್ಟಿಂಗ್ ಪದ್ಧತಿ ಜಾರಿಗೆ ಬಂದು, 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು, ಅಂದರೆ ಅಲ್ಪ ಅಂತರದಲ್ಲಿ ತಪ್ಪಿದವರಿಗೆ ಪರೀಕ್ಷಾ ಮಂಡಳಿ ದಯೆಯಿಂದ ಕೊಡುವ ಅಂಕವನ್ನು, ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. 2023ರಲ್ಲಿ ರಾಜ್ಯಕ್ಕೆ ಮೊದಲಿದ್ದ ಚಿತ್ರದುರ್ಗ ಜಿಲ್ಲೆ ಮರುವರ್ಷ ಪಟ್ಟಿಯಲ್ಲಿ ಬಹಳ ಕೆಳಗೆ ಕಾಣಿಸಿಕೊಂಡಿತು. ಒಂದೇ ವರ್ಷದಲ್ಲಿ ಅಲ್ಲಿನ ಮಾಸ್ತರರೆಲ್ಲ ಕಲಿಸುವುದನ್ನು ಮರೆತರೆಂದು ಯಾರೂ ವಾದಿಸಲಿಲ್ಲ. ಮೊದಲಿನ ವರ್ಷ ಅಳೆದದ್ದು ಏನನ್ನು ಎಂದು ಕೇಳಿದವರು ಮಾತ್ರ ಕಡಿಮೆ.

ಪ್ರಶ್ನೆ: ಸರಕಾರಿ ಪ್ರೌಢಶಾಲೆಯ ಹಲ್ಲು ಎಣಿಸಬೇಕಾದರೆ ಎಲ್ಲಿ ಬಾಯಿ ತೆರೆಸಬೇಕು?

ಉತ್ತರ: ಇಲ್ಲಿ ಎತ್ತು ಕಣಕಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಕೂಡಲೇ ‘ಸೇತುಬಂಧ’ ನಡೆಯುತ್ತದೆ. ಹಿಂದಿನ ತರಗತಿಗಳಲ್ಲಿ ಕಲಿಯಬೇಕಾಗಿದ್ದುದನ್ನು ಮಗು ಎಷ್ಟು ಕಲಿತಿದೆ ಎಂದು ಒಂದು ಪೂರ್ವ ಪರೀಕ್ಷೆಯಿಂದ ತಿಳಿದು, ಕೊರತೆ ತುಂಬಿ, ಸಾಫಲ್ಯ ಪರೀಕ್ಷೆಯಿಂದ ಮತ್ತೆ ನೋಡುವ ಪದ್ಧತಿಗೆ ಆ ಹೆಸರು. ಎಂಟನೆಯ ತರಗತಿಯ ಸೇತುಬಂಧದ ಉತ್ತರಪತ್ರಿಕೆ ಒಂದು ಕೈಯಲ್ಲಿ, ಅದೇ ಮಗುವಿನ ಹತ್ತನೆಯ ತರಗತಿಯ ಅಂಕಪಟ್ಟಿ ಇನ್ನೊಂದು ಕೈಯಲ್ಲಿ ಹಿಡಿದರೆ ನಡುವಿನ ದೂರವೇ ಶಾಲೆ ಎಳೆದ ಭಾರ. ಭಾಗಾಕಾರ ಬಾರದ ಮಗುವನ್ನು ತೆಗೆದುಕೊಂಡು ಮೂರು ವರ್ಷದಲ್ಲಿ 300 ಅಂಕಕ್ಕೆ ತಂದ ಬಬಲೇಶ್ವರ ಸೀಮೆಯ ಹಳ್ಳಿಶಾಲೆಯೊಂದು ಇದ್ದರೆ ಅದು ಏರುದಾರಿಯಲ್ಲಿ ತುಂಬಿದ ಬಂಡಿ ಎಳೆದ ಜೋಡಿ. ಸೋಸಿ ತೆಗೆದ ಮಕ್ಕಳನ್ನು ತಂದು 600 ಮಾಡಿಸಿದ್ದು ಇಳಿಜಾರಿನ ಬಂಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳಿಗೆ ಪ್ರವೇಶ ಪರೀಕ್ಷೆಯಿದೆ. 1963ರಿಂದ ಈ ನಗರದಲ್ಲಿರುವ ಸೈನಿಕ ಶಾಲೆಗೂ ಇದೆ. ಅವುಗಳ ಬಗ್ಗೆ ಎತ್ತಿಗೆ ಅಸೂಯೆಯಿಲ್ಲ. ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳಲೇಬೇಕಾದ ಶಾಲೆಯನ್ನು ಅವುಗಳ ಪಕ್ಕದಲ್ಲಿ ನಿಲ್ಲಿಸಿ ಒಂದೇ ಕೋಲಿನಿಂದ ಅಳೆಯುವುದಕ್ಕೆ ಮಾತ್ರ ಆಕ್ಷೇಪ. ಸೇತುಬಂಧದ ಆ ಪತ್ರಿಕೆಗಳಾದರೋ ಆಗಸ್ಟ್ ಹೊತ್ತಿಗೆ ಕಟ್ಟು ಕಟ್ಟಿಸಿಕೊಂಡು ಕಪಾಟಿನ ಮೇಲೇರುತ್ತವೆ.

ಹಲ್ಲಿನ ನಂತರ ಗೊರಸು. ದೀಪಾವಳಿಯ ಮೇಲೆ ಒಂದು ಮಂಗಳವಾರ, ಯಾರಿಗೂ ತಿಳಿಸದೆ ಹೋಗಿ ನೋಡಬೇಕೆಂದು ಎತ್ತು ಸಲಹೆ ಮಾಡಿತು. ಗಣಿತದ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರು, ಅಂದರೆ ಆ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಬಂದವರು, ಯಾವ ತಿಂಗಳಲ್ಲಿ ಬಂದರು. ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇದೆ ಮತ್ತು ಅದು ತುಕ್ಕು ಹಿಡಿದಿದೆಯೇ. ಹುಡುಗಿಯರ ಶೌಚಾಲಯಕ್ಕೆ ನೀರಿದೆಯೋ ಅಥವಾ ಯುಡೈಸಿನಲ್ಲಿ ಮಾತ್ರ ಇದೆಯೋ. ಹಿಂದಿನ ಬೆಂಚಿನ ಮಗುವಿನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಸಹಿಗಷ್ಟೇ ಬಳಕೆಯಾಗಿದೆಯೋ ತಪ್ಪು ತಿದ್ದಲೂ ಬಳಕೆಯಾಗಿದೆಯೋ. ಕಬ್ಬಿನ ಸುಗ್ಗಿಗೆ ಗುಳೆ ಹೋಗುವ ಬಂಡಿಗಳನ್ನು ಎಳೆದ ಅನುಭವ ಈ ಜೋಡಿಗಿದೆ. ಒಂದು ವರ್ಷ ಪಾತ್ರೆ, ಕೌದಿ, ಕುಡುಗೋಲುಗಳ ಮೇಲೆ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳೂ ಕುಳಿತಿದ್ದರು. ಅವರ ಹಾಜರಿ ಶಾಲೆಯಲ್ಲಿ ತಪ್ಪದೆ ಬೀಳುತ್ತಿತ್ತೆಂದು ಆಮೇಲೆ ತಿಳಿಯಿತು. ಅಂತಹ ಮಕ್ಕಳನ್ನು ಹಂಗಾಮು ಮುಗಿದ ಮೇಲೆ ಮನೆಗೆ ಹೋಗಿ ಕರೆತರುವ ಮಾಸ್ತರರು ಎಷ್ಟು ಸಲ ಬಂದರೆಂಬುದನ್ನು ಎಣಿಸುವ ಕಲಮು 46 ಮಾನದಂಡಗಳ ನಡುವೆ ಎಲ್ಲಿದೆ ಎಂದು ಎತ್ತು ಕೇಳಿತು. ಸಂದರ್ಶಕರು ಪುಟ ತಿರುವಿದರು.

ಪ್ರಶ್ನೆ: ಶಾಲಾ ಸಿದ್ಧಿಯಂತಹ ಪ್ರಯತ್ನಗಳಿಗೆ ಬೆಲೆಯೇ ಇಲ್ಲವೇ?

ಉತ್ತರ: ಅದರ ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ಮೊದಲ ಸುತ್ತಿನಲ್ಲಿ ಶಾಲೆ ತನ್ನನ್ನು ತಾನೇ ಒಂದರಿಂದ ಮೂರರವರೆಗಿನ ಹಂತದಲ್ಲಿ ಗುರುತಿಸಿಕೊಳ್ಳಬೇಕು. ಎತ್ತಿಗೆ ತನ್ನ ಹಲ್ಲನ್ನು ತಾನೇ ಎಣಿಸಿ ವರದಿ ಸಲ್ಲಿಸಲು ಹೇಳಿದರೆ ಈ ಜೋಡಿಯ ಎಡಗಡೆಯದು ಇಂದಿಗೂ ಎರಡು ಹಲ್ಲಿನದೇ.

ಪ್ರಶ್ನೆ: ಫಲಿತಾಂಶದಿಂದಲೇ ಶಾಲೆಯನ್ನು ತೂಗುವುದು ಈ ಕಾಲದ ರೋಗವೇ?

ಉತ್ತರ: ಅಜ್ಜನ ಅಜ್ಜನ ಕಾಲದ್ದು. ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಅಧಿಕಾರಸ್ಥರು 1862ರಲ್ಲಿ ಜಾರಿಗೆ ತಂದ ನಿಯಮದಂತೆ, ತನಿಖಾಧಿಕಾರಿ ಬಂದು ಪರೀಕ್ಷೆ ಮಾಡಿ ಪಾಸಾದ ತಲೆಯ ಲೆಕ್ಕದಲ್ಲಿ ಶಾಲೆಗೆ ಅನುದಾನ ಕೊಡುತ್ತಿದ್ದರು. ವಿಜಯಪುರ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ಅದೇ ದಶಕದಲ್ಲಿ ಅನುದಾನಿತ ಶಾಲೆಗಳಿಗೆ ಈ ಪದ್ಧತಿ ಬಂತು. ಮಕ್ಕಳು ತನಿಖೆಯ ದಿನಕ್ಕಾಗಿಯೇ ಕಲಿಯತೊಡಗಿದ್ದು ಕಂಡು, ವೈಸರಾಯ್ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಅದನ್ನು ಕೈಬಿಟ್ಟಿತು. ಇದಾದ ಆರು ವರ್ಷಕ್ಕೆ, 1910ರಲ್ಲಿ, ಫ. ಗು. ಹಳಕಟ್ಟಿಯವರು ಈ ಊರಿನಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದಾಗ ಸುತ್ತಲಿನ ರೈತರ ಮುಂದಿದ್ದ ಪ್ರಶ್ನೆ ಶಾಲೆ ಎಷ್ಟು ಒಳ್ಳೆಯದು ಎಂಬುದಲ್ಲ, ಶಾಲೆ ಇದೆಯೇ ಎಂಬುದು. ಈಗ ಟಿಕೋಟಾ, ಬಬಲೇಶ್ವರಗಳೆರಡೂ ತಾಲೂಕುಗಳಾಗಿವೆ, ಹತ್ತಿರದಲ್ಲಿಯೇ ಪ್ರೌಢಶಾಲೆಗಳಿವೆ. ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ ಹೊಸ ಪ್ರಶ್ನೆ ಕೇಳುವ ಕಷ್ಟ ಬಂದಿದೆ.

ಅಷ್ಟರಲ್ಲಿ ಬಬಲೇಶ್ವರ ಕಡೆಯ ರೈತರೊಬ್ಬರು ಜೋಡಿಯನ್ನು ನೋಡಲು ಬಂದುದರಿಂದ ಸಂದರ್ಶನಕ್ಕೆ ತಡೆಯಾಯಿತು. ಅವರು ಬಾಯಿ ತೆರೆಸಿ ಎಂಟೂ ಹಲ್ಲು ಎಣಿಸಿ, ನಾಲ್ಕೂ ಗೊರಸು ಎತ್ತಿ, ಎರಡು ಸಲ ಬಂಡಿಗೆ ಹೂಡಿಸಿ, ಬಿಸಿಲೇರುವವರೆಗೆ ನಿಂತು, ಕಡೆಗೆ ಟವೆಲ್ಲಿನಡಿಯಲ್ಲಿ ವ್ಯವಹಾರ ಕುದುರಿಸಿದರು. ಪಾವತಿ ಬರೆಯುವ ಹೊತ್ತಿನಲ್ಲಿ ಅವರು ದಲ್ಲಾಳಿಯನ್ನು ಮಗನ ವಿಷಯವಾಗಿ ವಿಚಾರಿಸಿದರು. ಹುಡುಗ ಏಳನೆಯದು ಮುಗಿಸುತ್ತಿದ್ದಾನೆ, ಊರಲ್ಲಿ ಸರಕಾರಿ ಪ್ರೌಢಶಾಲೆಯೇನೋ ಇದೆ, ಆದರೆ ಎಲ್ಲಿಗೆ ಹಾಕಿದರೆ ಒಳ್ಳೆಯದು ಎಂದು. ‘ಅದಕ್ಕೇನ್ ಇಷ್ಟ ವಿಚಾರ ಮಾಡ್ತೀರಿ ಕಾಕಾ, ಅಲ್ಲಿ ನೋಡ್ರಿ, ನೂರಕ್ಕ ನೂರ’ ಎಂದು ದಲ್ಲಾಳಿ ಜಾತ್ರೆಯ ಶುಭಾಶಯ ಕೋರುವ ಶಾಲೆಯೊಂದರ ಫ್ಲೆಕ್ಸನ್ನು ತೋರಿಸಿದರು. ರೈತರು ತಲೆಯಾಡಿಸಿ ಫೋನ್ ನಂಬರು ಬರೆದುಕೊಂಡರು. ಎತ್ತೂ ಆ ಕಡೆ ಕತ್ತು ಹೊರಳಿಸಿತು. ಫ್ಲೆಕ್ಸಿನಲ್ಲಿನ ಮಕ್ಕಳೆಲ್ಲ ನಗುತ್ತಿದ್ದರು, ಆದರೆ ಹಲ್ಲು ಎಣಿಸುವಷ್ಟು ಸ್ಪಷ್ಟವಾಗಿ ಮುದ್ರಣವಾಗಿರಲಿಲ್ಲ.