ಡಬ್ಬಿ ಸೇರಿದ ಡಿ7000 ಜೊತೆ ಎರಡು ಮಾತು

ಮನೆಗೆ ಮಿರರ್‌ಲೆಸ್ ಕ್ಯಾಮೆರಾ ಬಂದಿದೆ, ಅಂಗೈಯಗಲದ ನಿಕಾನ್ ಝಡ್50. ಹಳೆಯ ಡಿಎಸ್‌ಎಲ್‌ಆರ್ ಡಿ7000 ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿ ಸೇರಿದೆ. ಎಕ್ಸ್‌ಚೇಂಜ್‌ಗೆ ಅಂಗಡಿಯವರು ಎಷ್ಟು ಹೇಳುತ್ತಾರೆಂದು ನಿಮಗೂ ಗೊತ್ತು. ಮತ್ತೆ ಬರೆದು ಹೊಟ್ಟೆ ಉರಿಸುವುದಿಲ್ಲ. ಹಳಬನನ್ನೇ ಮಾತಿಗೆಳೆದೆ.

ಪ್ರಶ್ನೆ: ಹೇಗಿದ್ದೀರಿ?

ಡಿ7000: ಮೊದಲು ನೀವು ಹೇಳಿ. ಆ ಹೊಸಬನ ಕಿಂಡಿಗೆ ಕಣ್ಣಿಟ್ಟರೆ ಏನು ಕಾಣುತ್ತೆ?

ಪ್ರಶ್ನೆ: ಎದುರಿಗಿರೋದು.

ಡಿ7000: ಸುಳ್ಳು! ಟಿವಿ ಕಾಣುತ್ತೆ. 23.6 ಲಕ್ಷ ಚುಕ್ಕಿಯ ಪುಟಾಣಿ ಟಿವಿ. ಚುಕ್ಕಿ ಲೆಕ್ಕ ರಂಗೋಲಿಗಿರಲಿ ಸ್ವಾಮಿ. ನನ್ನಲ್ಲಿ ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲೇರಿ, ಪ್ರಿಸಂನಲ್ಲಿ ಹೊರಳಿ ಸೀದಾ ನಿಮ್ಮ ಕಣ್ಣಿಗೆ ಬರ್ತಿತ್ತು. ಅದಕ್ಕೆ ಕರೆಂಟ್ ಬೇಡ. ಒಂದು ಚಾರ್ಜ್‌ಗೆ ಸಾವಿರ ಫೋಟೊ ತೆಗೀತಿದ್ದೆ. ಅವನು 300ರ ಆಸುಪಾಸಿಗೇ ಸುಸ್ತು.

ಪ್ರಶ್ನೆ: ತೂಕದ ವಿಷಯ? ಬ್ಯಾಟರಿ ಸೇರಿ ನೀವು 780 ಗ್ರಾಂ, ಅವನು 450.

ಡಿ7000: ಕನ್ನಡಿ ವಿಷಯ ಇನ್ನೂ ಮುಗಿದಿಲ್ಲ.

ಪ್ರಶ್ನೆ: ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ, ಅವನು ಕ್ಲಿಕ್ ಮಾಡುವ ಮೊದಲೇ ತೋರಿಸುತ್ತಾನೆ. ಮುಖದಲ್ಲಿ ಕಣ್ಣು ಹುಡುಕಿ ಫೋಕಸ್ ಮಾಡುತ್ತಾನೆ.

ಡಿ7000: ಹುಡುಕಲಿ ಪಾಪ. ನಿಮಗೆ ಬರದಿದ್ದ ಮೇಲೆ ಯಾರಾದರೂ ಹುಡುಕಬೇಕಲ್ಲ. ಕನ್ನಡಿ ಮೇಲೆದ್ದು ಇಳಿಯುವಾಗ ‘ಕಟಕ್’ ಅಂತಿತ್ತು ನೋಡಿ...

ಪ್ರಶ್ನೆ: ಅದೇ ಆ ಕಟಕ್! ಮದುವೆಗೆ ಬರೋಣ. ಧಾರೆ ಹೊತ್ತಿಗೆ ಮಂಟಪದ ಸುತ್ತ ಕ್ಯಾಮೆರಾದವರು, ಲೈಟಿನವನು, ತಲೆ ಮೇಲೆ ಡ್ರೋನು. ಹುಡುಗಿಯ ಅಜ್ಜಿಗೆ ಕಾಣುವುದು ಇವರ ಬೆನ್ನು ಮಾತ್ರ. ಅಕ್ಷತೆಯೂ ಇವರ ತಲೆಗೇ. ಈಗ ಕ್ಯಾಮೆರಾ ಪುಟ್ಟದಾಗಿದೆ, ಸದ್ದಿಲ್ಲದೆ ಕ್ಲಿಕ್ಕಿಸುತ್ತದೆ. ಇನ್ನಾದರೂ ಇವರು ಪಕ್ಕಕ್ಕೆ ಸರಿದಾರೇ?

ಡಿ7000: ಕ್ಯಾಮೆರಾ ಚಿಕ್ಕದಾಗಿದೆ. ಬೆನ್ನು ಹಾಗೇ ಇದೆ.

ಪ್ರಶ್ನೆ: ‘ಭಟ್ರೇ, ಸ್ವಲ್ಪ ತಡೀರಿ, ಜೀರಿಗೆ ಬೆಲ್ಲ ಇನ್ನೊಂದ್ಸಲ ಇಡಿಸಿ’ ಅಂತಾರೆ. ಮುಹೂರ್ತಕ್ಕೆ ರೀಟೇಕ್ ಉಂಟೇ?

ಡಿ7000: ಸಂದರ್ಶನ ನನ್ನದೋ, ಭಟ್ಟರದೋ?

ಪ್ರಶ್ನೆ: ಕ್ಷಮಿಸಿ. ನಿಮ್ಮ ಹಳೆಯ ಲೆನ್ಸುಗಳಿಗೆ ಅಡಾಪ್ಟರ್ ಇದೆಯಂತಲ್ಲ. ಹಾಕಿದರೆ ಆಯಿತು.

ಡಿ7000: ಆಯಿತಾ? 1959ರಲ್ಲಿ ನಿಕಾನ್ ಎಫ್ ಕ್ಯಾಮೆರಾ ಜೊತೆ ಬಂದ ಮೌಂಟು, ಅಂದರೆ ಲೆನ್ಸು ಕೂರುವ ಬಾಯಿ, ನನ್ನದು. ತಲೆಮಾರು ಕಳೆದರೂ ಬದಲಾಗದ ಮೌಂಟು ಅಂತ ನಂಬಿ ಜನ ಲೆನ್ಸಿಗೆ ದುಡ್ಡು ಹಾಕಿದರು. 2018ರಲ್ಲಿ ಝಡ್ ಮೌಂಟು ಬಂತು. 50 ಎಂಎಂ ಡಿ ಲೆನ್ಸು ಇದೆಯಲ್ಲ, ಹೊಸಬರೆಲ್ಲ ಮೊದಲು ಕೊಳ್ಳುತ್ತಿದ್ದದ್ದು, ಅದನ್ನು ತಿರುಗಿಸುವ ಮೋಟರ್ ನನ್ನೊಳಗಿತ್ತು. ಕಂಪನಿಯ ಅಡಾಪ್ಟರ್‌ನಲ್ಲಿ ಇಲ್ಲ. ಕೈಯಲ್ಲೇ ತಿರುಗಿಸಿಕೊಳ್ಳಿ.

ನಿಮ್ಮದು ಹವ್ಯಾಸ, ನಡೆಯುತ್ತೆ. ತಾಲೂಕು ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೊದವನನ್ನು ಹೋಗಿ ಕೇಳಿ. ಸೊಸೈಟಿಯಲ್ಲಿ ಸಾಲ ಎತ್ತಿ ಬಾಡಿ, ಲೆನ್ಸು, ಫ್ಲ್ಯಾಶು ತಗೊಂಡ. ಅವನ ಹಗಲಿನ ವ್ಯಾಪಾರವನ್ನು ಮೊಬೈಲ್ ನುಂಗಿತು. ಉಳಿದದ್ದು ಮದುವೆ ಸೀಸನ್ ಒಂದೇ. ಈಗ ಬುಕಿಂಗ್‌ಗೆ ಬಂದವರು ಕೂರುವ ಮೊದಲೇ ‘ನಿಮ್ಮದು ಮಿರರ್‌ಲೆಸ್ ತಾನೇ?’ ಅಂತಾರೆ. ಕನ್ನಡಿ ಎಲ್ಲಿರುತ್ತೆ, ಏನು ಮಾಡುತ್ತೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಅಲ್ಲ ಅಂದರೆ ಎದ್ದು ಹೋಗ್ತಾರೆ. ಹೌದು ಅನ್ನಬೇಕಾದರೆ ಬಾಡಿ, ಬ್ಯಾಟರಿ, ಲೆನ್ಸು ಎಲ್ಲವೂ ಹೊಸದು ಬೇಕು. ಹಳೇ ಕಂತೇ ತೀರಿಲ್ಲ ಅವನಿಗೆ! ಅವನ ಕೈಚಳಕ ನೋಡೋಣ ಅಂತ ಆಲ್ಬಮ್ ಬಿಡಿಸುವವರಿಲ್ಲ. ಮದುವೆ ಮುಗಿದ ಮೇಲೆ ಬಾಕಿಗೆ ತಿಂಗಳುಗಟ್ಟಲೆ ಅಲೆಸುವವರೂ ಇವರೇ. ಇದನ್ನು ಬರಕೊಳ್ಳಿ. ತಮಾಷೆಗೆ ಹೇಳ್ತಿಲ್ಲ.

ಪ್ರಶ್ನೆ: ಬರೆದುಕೊಂಡೆ. ನಿಮ್ಮ ಮನೆತನ ಮುಂದುವರಿಯುತ್ತದೆಯೇ?

ಡಿ7000: 2020ರ ಡಿ6 ಆದಮೇಲೆ ನಿಕಾನ್ ಮನೆಯಲ್ಲಿ ಹೊಸ ಡಿಎಸ್‌ಎಲ್‌ಆರ್ ಹುಟ್ಟಿಲ್ಲ. ಡಬ್ಬಿ ಮುಚ್ಚಿ, ಫಂಗಸ್ ಹಿಡಿಯುತ್ತೆ.

ಮದುವೆ ಗೊತ್ತಾದ ಮನೆಯವರಲ್ಲಿ ನನ್ನದೊಂದು ಕೋರಿಕೆ. ಫೋಟೊಗ್ರಾಫರ್ ಬಳಿ ಕ್ಯಾಮೆರಾ ಯಾವುದೆಂದು ಕೇಳಬೇಡಿ. ಹಿಂದಿನ ಮದುವೆಯ ಆಲ್ಬಮ್ ತರಿಸಿ ನೋಡಿ. ಬಾಕಿಯನ್ನು ಬೀಗರೂಟದ ದಿನವೇ ಕೊಟ್ಟುಬಿಡಿ. ಹಾಗೆಯೇ, ಧಾರೆ ಹೊತ್ತಿಗೆ ಮಂಟಪದಿಂದ ಕೆಳಗಿಳಿಯಬೇಕೆಂದು ಅವರಿಗೆ ಮೊದಲೇ ಹೇಳಿಡಿ, ದಯವಿಟ್ಟು.