ಗ್ರೀಷ್ಮವನ ಮೂಟೆಶಾಸ್ತ್ರ

ಶಾಸ್ತ್ರಾರಂಭ

ಯಾವ ಶಾಸ್ತ್ರಕ್ಕೇ ಆಗಲಿ, ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಏಪ್ರಿಲ್ ತಿಂಗಳಲ್ಲಿ ಬಂಡೀಪುರಕ್ಕೋ ಕಬಿನಿಗೋ ಸಫಾರಿಗೆಂದು ಹೊರಡುವ ಸಂಸಾರವು ಕಟ್ಟುವ ಮೂಟೆ. ಪ್ರಯೋಜನ: ಕಾರಿನ ಡಿಕ್ಕಿ ಮುಚ್ಚಿಕೊಳ್ಳುವುದು. ಸಂಬಂಧ: ಮೂಟೆಗೂ ಡಿಕ್ಕಿಗೂ ಇರುವ ಹಳೆಯ ವೈರ. ಅಧಿಕಾರಿ: ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಚೀಲ, ಕಾಲ ಬುಡದಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಮೈಸೂರು ದಾಟಿದ ಯಾರೂ ಆಗಬಹುದು.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಂತು, ‘ಈ ಉರಿಬಿಸಿಲಿನಲ್ಲಿ ಕಾಡಿಗೆ ಹೋಗುವವರಿಗೆ ತಲೆ ನೆಟ್ಟಗಿದೆಯೆ?’ ಎಂದು ಕೇಳುತ್ತಾನೆ. ಇದೆ. ಬೇಸಿಗೆಯಲ್ಲಿ ತೇಗ, ಮತ್ತಿಗಳು ಎಲೆ ಉದುರಿಸಿ ನಿಲ್ಲುವುದರಿಂದ ಕಣ್ಣು ದೂರ ಹಾಯುತ್ತದೆ. ಹಳ್ಳಕೊಳ್ಳ ಬತ್ತುವುದರಿಂದ ಪ್ರಾಣಿಗಳು ಉಳಿದ ಕೆರೆಗಳಿಗೆ ಬರಲೇಬೇಕು. 1974ರಲ್ಲಿ ಕಟ್ಟಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಸರಿದಂತೆ ಬಯಲಾದ ನೆಲದಲ್ಲಿ ಎಳೆ ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಹುಲಿಯಂತೂ ಹಿಂದುಮುಂದಾಗಿ ನೀರಿಗಿಳಿದು ಕುತ್ತಿಗೆಮಟ್ಟ ಮುಳುಗಿ ಕೂರುತ್ತದೆ. ಇವುಗಳಲ್ಲಿ ಯಾವುದೂ ಏನನ್ನೂ ಹೊತ್ತು ತಂದಿರುವುದಿಲ್ಲ ಎಂಬ ಅಂಶವನ್ನು ಓದುಗರು ಗಮನಿಸಬೇಕು.

ಪೂರ್ವಾಚಾರ್ಯ ಪರಂಪರೆ

ನಮ್ಮ ಶಾಸ್ತ್ರದ ಮಹಾ ಆಚಾರ್ಯ ಥಿಯೊಡೋರ್ ರೂಸ್‌ವೆಲ್ಟ್. 1909ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಕೆಲವೇ ವಾರಗಳಲ್ಲಿ ಅವರು ಪೂರ್ವ ಆಫ್ರಿಕದ ಕಾಡಿಗೆ ಹೊರಟರು. ಜೊತೆಗೆ, ಬೇಟೆಯ ಚರ್ಮಗಳು ಕೆಡದಿರಲೆಂದು, ನಾಲ್ಕು ಟನ್ ಉಪ್ಪು. ಸಾಲದೆಂಬಂತೆ ಹಂದಿಯ ಚರ್ಮದ ರಟ್ಟು ಕಟ್ಟಿಸಿದ ಪುಸ್ತಕಗಳ ಒಂದು ಪೆಟ್ಟಿಗೆ. ನೂರು ವರ್ಷಗಳಲ್ಲಿ ಈ ಪರಂಪರೆ ಎಷ್ಟು ಕ್ಷೀಣಿಸಿದೆಯೆಂದರೆ, ನಮ್ಮ ಮನೆಗಳಲ್ಲಿ ಉಪ್ಪು ಒಂದು ಉಪ್ಪಿನಕಾಯಿ ಬಾಟಲಿಯ ಮಟ್ಟಕ್ಕೆ ಬಂದಿದೆ. ಪುಸ್ತಕ ಪೂರ್ತಿ ಲೋಪವಾಗಿದೆ. ‘ಎಷ್ಟು ತುಂಬ್ತೀಯ ಮಾರಾಯ್ತಿ’ ಎಂದು ರೇಗುವ ಗಂಡಂದಿರು ಇತಿಹಾಸ ಓದಿಲ್ಲ. ಅದೇ ಆಫ್ರಿಕದಲ್ಲಿ ಇಂದು ಕಾಡಿನ ಬಿಡಾರಗಳಿಗೆ ಹಾರುವ ಅನೇಕ ಪುಟ್ಟ ವಿಮಾನಗಳವರು ತಲೆಗೆ ಸುಮಾರು 15 ಕೆ.ಜಿ., ಅದೂ ಮೆತ್ತನೆಯ ಚೀಲದಲ್ಲಿ ಮಾತ್ರ ಎನ್ನುತ್ತಾರೆ. ನಮಗೆ ಅಂಥ ದುರ್ಗತಿ ಬಂದಿಲ್ಲ. ಇನ್ನೋವಾ ಇದೆ, ಅದರ ಮೇಲೆ ಕ್ಯಾರಿಯರ್ ಇದೆ.

ವರ್ಣಾಧಿಕರಣ

ಸಂಶಯ: ಯಾವ ಬಣ್ಣದ ಬಟ್ಟೆ ಇಡಬೇಕು? ಪೂರ್ವಪಕ್ಷ: ಖಾಕಿ. ಭಾವಮೈದನು ಇದಕ್ಕಾಗಿಯೇ ಹದಿನಾಲ್ಕು ಜೇಬಿನ ಅಂಗಿ ತಂದಿದ್ದಾನೆ. ‘ನೀಲಿ, ಕಪ್ಪು ಬೇಡವೇ ಬೇಡ’ ಎಂಬ ನಿಷೇಧವನ್ನೂ ಎಲ್ಲೋ ಓದಿ ತಂದಿದ್ದಾನೆ.

ಸಿದ್ಧಾಂತ: ಆ ನಿಷೇಧ ಆಫ್ರಿಕದ್ದು. ಅಲ್ಲಿನ ತ್ಸೆ ತ್ಸೆ ನೊಣ ನೀಲಿ-ಕಪ್ಪು ಬಣ್ಣಕ್ಕೆ ಮುಗಿಬೀಳುತ್ತದೆ. ಅದನ್ನು ಹಿಡಿಯುವ ಬಲೆಗಳನ್ನೂ ಅದೇ ಬಣ್ಣದ ಬಟ್ಟೆಯಲ್ಲಿ ಹೊಲಿಯುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿಗೆ ಆ ನೊಣ ಬಂದಿಲ್ಲ. ಇನ್ನು ಜಿಂಕೆ, ಕಡವೆಗಳ ಕಣ್ಣಿಗೆ ಕೆಂಪು-ಹಸಿರಿನ ಭೇದ ತಿಳಿಯದು. ಕಿತ್ತಳೆ ಬಣ್ಣದ ಹುಲಿ ಹಸಿರು ಪೊದೆಯಲ್ಲಿ ಅವಿತು ಹೊಟ್ಟೆ ಹೊರೆಯುತ್ತಿರುವುದೇ ಈ ದೌರ್ಬಲ್ಯದಿಂದ. ಹಾಗಾದರೆ ಅತ್ತೆಯವರ ಕುಂಕುಮಗೆಂಪಿನ ಸೀರೆ ನಿರ್ದೋಷವೆ? ಅಲ್ಲ. ಮರದ ಮೇಲಿನ ಮುಸುವನಿಗೆ ನಮ್ಮಂತೆಯೇ ಕೆಂಪು ಕಾಣುತ್ತದೆ, ಮತ್ತು ಕಾಡಿಗೆಲ್ಲ ಸುದ್ದಿ ಮುಟ್ಟಿಸುವ ಹೊಣೆ ಹೊತ್ತವನೇ ಅವನು. ಆದಕಾರಣ ಮಾಸಲು ಬಣ್ಣದ, ತುಂಬುತೋಳಿನ ಹತ್ತಿ ಬಟ್ಟೆ ಶ್ರೇಷ್ಠ. ಬೆಳ್ಳಗಿನದು ಬೇಡ; ಮೊದಲ ತಿರುವಿನಲ್ಲೇ ಮುಂದಿನ ಜೀಪಿನ ಧೂಳು ಅದನ್ನು ಹೇಗೂ ಖಾಕಿ ಮಾಡುತ್ತದೆ. ಹದಿನಾಲ್ಕು ಜೇಬುಗಳ ಒಂದೇ ಉಪಯೋಗವೆಂದರೆ ಕಾರಿನ ಕೀಲಿ ಯಾವುದರಲ್ಲಿದೆಯೆಂದು ತಿಳಿಯದಿರುವುದು.

ಊರ್ಣಾಧಿಕರಣ

ಸಂಶಯ: ಏಪ್ರಿಲ್‌ನಲ್ಲಿ ಸ್ವೆಟರ್ ಇಡಬೇಕೆ? ಮಗನ ಪೂರ್ವಪಕ್ಷ: ‘ಅಮ್ಮಾ, ಹೊರಗೆ ಬೆಂಕಿ ಸುರೀತಿದೆ!’ ತಾಯಿಯ ಸಿದ್ಧಾಂತ: ‘ಬೆಳಗ್ಗೆ ಆರು ಗಂಟೆಗೆ ತೆರೆದ ಜೀಪಲ್ಲಿ ಕೂತು ನೋಡು. ಆಮೇಲೆ ಮೂಗು ಸೋರಿಸ್ಕೊಂಡು ನನ್ನ ಹತ್ರ ಬರ್ಬೇಡ.’ ಕಾಡಿನ ನಸುಕಿನ ಗಾಳಿ ಓಡುವ ಜೀಪಿನಲ್ಲಿ ನಿಜಕ್ಕೂ ಕೊರೆಯುತ್ತದೆ. ಎಂಟೂವರೆಗೆ ಸ್ವೆಟರ್ ಸೊಂಟಕ್ಕಿಳಿಯುತ್ತದೆ, ಮಧ್ಯಾಹ್ನದ ಸಫಾರಿಯಲ್ಲಿ ಜೀಪಿನ ಕಂಬಿ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಎರಡೂ ಒಂದೇ ದಿನ. ಈ ಅಧಿಕರಣದಲ್ಲಿ ತಾಯಿಗೆ ಜಯ, ಮೇಲ್ಮನವಿಗೆ ಅವಕಾಶವಿಲ್ಲ.

ಜಲಾಧಿಕರಣ

ಆನೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ, ಬಾಟಲಿ ತರುವುದಿಲ್ಲ. ಮನುಷ್ಯನು ಬಾಟಲಿ ತರುತ್ತಾನೆ, ಕುಡಿಯಲು ಹೆದರುತ್ತಾನೆ. ಏಕೆಂದರೆ ಸಫಾರಿ ಗಂಟೆಗಟ್ಟಲೆ ನಡೆಯುತ್ತದೆ. ನಡುವೆ ಗಾಡಿಯಿಂದ ಇಳಿಯುವಂತಿಲ್ಲ. ಹುಲಿಯ ಸೀಮೆಯಲ್ಲಿ ಶೌಚಾಲಯ ಕಟ್ಟಿಸಿದವರಿಲ್ಲ. ಕುಡಿದರೆ ಒಂದು ಸಂಕಟ, ಕುಡಿಯದಿದ್ದರೆ ಇನ್ನೊಂದು. ಹಿಂದಿನ ರಾತ್ರಿಯಿಂದಲೇ ಧಾರಾಳವಾಗಿ ಕುಡಿದು, ಹೊರಡುವ ಮುನ್ನ ಹೋಗಬೇಕಾದಲ್ಲಿಗೆ ಹೋಗಿಬಂದು, ಜೀಪಿನಲ್ಲಿ ಗುಟುಕು ಗುಟುಕಾಗಿ ಗಂಟಲು ತೇವ ಮಾಡಿಕೊಳ್ಳುವುದು ಮಧ್ಯಮ ಮಾರ್ಗ. ಸ್ಟೀಲ್ ಬಾಟಲಿಯೇ ಇರಲಿ. ಸಫಾರಿ ಮುಗಿದ ಮೇಲೆ ಉಪ್ಪು, ಶುಂಠಿ ಹಾಕಿದ ಮಜ್ಜಿಗೆಗೆ ಸಮನಾದದ್ದು ಮೂರು ಲೋಕದಲ್ಲೂ ಇಲ್ಲ.

ಆಹಾರಾಧಿಕರಣ

ಸಫಾರಿಯಲ್ಲಿ ತಿನ್ನುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ನಿಯಮ ಇಷ್ಟು ಸ್ಪಷ್ಟವಾಗಿರುವುದರಿಂದಲೇ ಇದರ ವ್ಯಾಖ್ಯಾನ ವಿಸ್ತಾರವಾಗಿ ಬೆಳೆದಿದೆ. ‘ಮಗುಗೆ ಅಂತ ಸ್ವಲ್ಪ’ ಎಂಬುದು ಮುಖ್ಯ ಅಪವಾದ. ಈ ಅಪವಾದದಡಿ ಜೀಪಿನೊಳಗೆ ಬರುವುವು: ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಪುಳಿಯೋಗರೆ. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ.

ಒಂದು ಉದಾಹರಣೆ. ಬಿದಿರ ಮೆಳೆಯ ಆಚೆ ಕಡವೆಯೊಂದು ಗಂಟೆ ಬಡಿದಂತೆ ‘ಢಾಂಕ್’ ಎಂದಿತು. ಡ್ರೈವರ್ ಎಂಜಿನ್ ನಿಲ್ಲಿಸಿ, ಬೆರಳು ತುಟಿಗಿಟ್ಟ. ಎಲ್ಲರೂ ಉಸಿರು ಬಿಗಿಹಿಡಿದರು. ಮತ್ತೆ ‘ಢಾಂಕ್’. ಆಗ ಹಿಂದಿನ ಸಾಲಿನಿಂದ ಕವರಿನೊಳಗಿನ ಕವರಿನೊಳಗಿನ ಕವರು ಬಿಚ್ಚಿಕೊಳ್ಳುವ ಪರಪರ ಸದ್ದು, ಒಂದು ಕ್ಷಣ ಮೌನ, ಅನಂತರ ಕರುಂ. ‘ಅಮ್ಮ, ಸ್ವಲ್ಪ ತಡೀರಿ’ ಎಂದ ಡ್ರೈವರ್. ‘ನಿಂಗೂ ಒಂದು ಕೊಡ್ತೀನಿ ಇರಪ್ಪ’ ಎಂದರು ಅತ್ತೆ. ಕಡವೆ ಮತ್ತೆ ಕೂಗಲಿಲ್ಲ.

ಅತ್ತೆಯನ್ನು ದೂರುವ ಮುನ್ನ ಅಳಿಯನ ಕ್ಯಾಮೆರಾ ಚೀಲವನ್ನು ಪರೀಕ್ಷಿಸತಕ್ಕದ್ದು. ಎರಡು ಕೆ.ಜಿ. ಲೆನ್ಸನ್ನು ಕಂಬಿಯ ಮೇಲೆ ಅಲುಗದಂತೆ ಕೂರಿಸಲು ಛಾಯಾಗ್ರಾಹಕರು ಕಾಳಿನ ದಿಂಬು ಒಯ್ಯುತ್ತಾರೆ. ಬಲ್ಲವರು ಅದನ್ನು ಖಾಲಿ ಒಯ್ದು, ಅಲ್ಲಿಯೇ ಕಾಳೋ ಅಕ್ಕಿಯೋ ತುಂಬಿಸಿಕೊಳ್ಳುತ್ತಾರೆ. ಅಳಿಯ ಬೆಂಗಳೂರಿನಿಂದಲೇ ಸೋನಾ ಮಸೂರಿ ತುಂಬಿ ತಂದಿದ್ದಾನೆ. ಪುಳಿಯೋಗರೆಯನ್ನು ಹಂಗಿಸುವವನ ಮೂಟೆಯಲ್ಲೂ ಅಕ್ಕಿಯೇ ಇದೆ; ಬೆಂದಿಲ್ಲ ಎಂಬಷ್ಟೇ ವ್ಯತ್ಯಾಸ.

ಪ್ರಕೀರ್ಣ

ಟಾರ್ಚು: ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿದ ಚಿಕ್ಕಪ್ಪ ತಪ್ಪದೆ ತರುವ ವಸ್ತು. ಸಫಾರಿ ಕತ್ತಲಾಗುವ ಮುನ್ನವೇ ಮುಗಿಯುತ್ತದೆ. ಮುಲಾಮು: ಮೂರು ಬಗೆ, ನೋವು ಒಂದೂ ಇಲ್ಲ. ಛತ್ರಿ: ಏಪ್ರಿಲ್ ಮಳೆಯ ನೆಪದಲ್ಲಿ ಕ್ಷಮಾರ್ಹ. ಇಸ್ತ್ರಿ ಪೆಟ್ಟಿಗೆ: ಪ್ರಾಯಶ್ಚಿತ್ತವಿಲ್ಲ.

ಮೂಟೆ ಕಟ್ಟುವ ವೇಳೆಗೂ ಮಿತಿಯುಂಟು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷಿದ್ಧ. ‘ಇನ್ನೊಂದೇ ಚೀಲ’ ಎನ್ನುತ್ತ ತಡಮಾಡಿದವರು ಗೇಟಿನ ಈಚೆ ತಮ್ಮೆಲ್ಲ ಮೂಟೆಗಳೊಂದಿಗೆ ಸುರಕ್ಷಿತವಾಗಿ ಉಳಿಯುತ್ತಾರೆ.

ಸಿದ್ಧಾಂತ ಸಂಗ್ರಹ

ಮೂಟೆಯನ್ನು ಕಾಡಿಗಾಗಿ ಯಾರೂ ಕಟ್ಟುವುದಿಲ್ಲ. ಮಗು ಹಸಿದೀತು, ಸೊಂಟ ಹಿಡಿದೀತು, ಫೋಟೋದಲ್ಲಿ ಅಂಗಿ ಸುಕ್ಕಾಗಿ ಕಂಡೀತು ಎಂಬ ಮನೆಯ ಭಯಗಳನ್ನೇ ಮಡಿಸಿ ಜೋಡಿಸಿ ಜಿಪ್ ಎಳೆಯುತ್ತೇವೆ. ಕಾಡು ಕೇಳುವುದು ನೀರು, ಟೋಪಿ, ಬೆಳಗಿಗೊಂದು ಸ್ವೆಟರ್ ಮತ್ತು ಹೆಗ್ಗಡದೇವನಕೋಟೆಯ ರೈತನ ಹೆಗಲ ಮೇಲಿರುವಂಥ ಒಂದು ಹತ್ತಿ ಟವೆಲ್ಲು. ಅದು ಧೂಳಿಗೆ ಮೂಗಿನ ಮೇಲೆ, ಬಿಸಿಲಿಗೆ ತಲೆಯ ಮೇಲೆ, ಕಾದ ಸೀಟಿಗೆ ಅಡಿಯಲ್ಲಿ. ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದರೆ ನೀರು ಆರುತ್ತ ಆರುತ್ತ ಮೈಯ ಕಾವನ್ನೂ ಕೊಂಡೊಯ್ಯುತ್ತದೆ. ಇದಕ್ಕೆ ಜೇಬಿಲ್ಲ, ಕೀಲಿ ಕಳೆಯುವುದಿಲ್ಲ.

ಫಲಶ್ರುತಿ

ಯಾರು ಈ ಶಾಸ್ತ್ರವನ್ನು ಹೊರಡುವ ಮುನ್ನ ಭಕ್ತಿಯಿಂದ ಪಠಿಸುತ್ತಾರೋ ಅವರ ಡಿಕ್ಕಿ ಒಂದೇ ಪ್ರಯತ್ನಕ್ಕೆ ಮುಚ್ಚುವುದು. ಯಾರು ಹೆಂಡತಿಗೆ ಕೇಳುವಂತೆ ಪಠಿಸುತ್ತಾರೋ ಅವರು ಮುಂದಿನ ಸಲ ತಾವೇ ಮೂಟೆ ಕಟ್ಟುವರು. ಅತ್ತೆಯೆದುರು ಪಠಿಸಿದವರಿಗೆ ಚಕ್ಕುಲಿ ಸಿಗದು. ಹುಲಿಯ ದರ್ಶನ ಈ ಶಾಸ್ತ್ರದ ಫಲಗಳಲ್ಲಿ ಸೇರಿಲ್ಲ. ಅದಕ್ಕೆ ಬೇರೆಯೇ ಶಾಸ್ತ್ರವಿದೆ. ಅದರ ಕರ್ತೃ ಹುಲಿಯೇ ಆಗಿದ್ದು, ಕೃತಿಯನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ.